ಬೀಸುಕಲ್ಲಿನ ಪದಕ್ಕೆ ಕಿವಿಗೊಟ್ಟ ಅಧಿಕಾರಿ

ಬೆಂಗಳೂರು-ಮೈಸೂರು ನಡುವಿನ ಹೊಸ ದಶಪಥ ಹೆದ್ದಾರಿ 2023ರಲ್ಲಿ ಉದ್ಘಾಟನೆಯಾದ ಮೇಲೆ ರಾಮನಗರ, ಚನ್ನಪಟ್ಟಣದ ಪೇಟೆಗಳು ಬದಿಗೆ ಸರಿದುಬಿಟ್ಟವು. ಮೊದಲಾದರೆ ಮೈಸೂರು ದಾರಿಯಾಗಿ ಬೆಂಗಳೂರಿಗೆ ಹೋಗುವ ನಮ್ಮ ಕಡೆಯವರ ಬಸ್ಸು ಈ ಪೇಟೆಗಳ ಒಳಗಿನಿಂದಲೇ ಹೋಗುತ್ತಿತ್ತು. ಚನ್ನಪಟ್ಟಣ ಬಂತೆಂದರೆ ರಸ್ತೆ ಬದಿಯಲ್ಲಿ ಬಣ್ಣಬಣ್ಣದ ಮರದ ಗೊಂಬೆಗಳ ಅಂಗಡಿ, ರಾಮನಗರ ಬಂತೆಂದರೆ ರೇಷ್ಮೆಗೂಡು ಬೇಯುವ ವಾಸನೆ. ಎರಡೂ ಊರುಗಳ ನಡುವೆ ರಸ್ತೆಯ ಪಕ್ಕದಲ್ಲೇ ಜಾನಪದ ಲೋಕ ಎಂಬ ಫಲಕವೂ ಕಾಣುತ್ತಿತ್ತು. ಆ ಫಲಕ ನೋಡಿದವರು ನಮ್ಮಲ್ಲಿ ಸಾವಿರಾರು ಜನ ಇದ್ದಾರು, ಇಳಿದು ಒಳಗೆ ಹೋದವರು ಕಡಿಮೆ.

ಆ ಜಾಗವನ್ನು ಕಟ್ಟಿದವರು ಎಚ್.ಎಲ್. ನಾಗೇಗೌಡರು. ಅವರು ತೀರಿಹೋಗಿ ಇಪ್ಪತ್ತು ವರ್ಷ ದಾಟಿತು. ದೊಡ್ಡ ಸರಕಾರಿ ಅಧಿಕಾರಿಯಾಗಿದ್ದವರು, ಸಾಹಿತಿ, ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ಆದರೆ ಈ ವಾರ ನಾವು ಅವರ ಬದುಕನ್ನು ನೆನೆಯಲು ಕಾರಣ ಆ ಪದವಿಗಳಲ್ಲ. ಮನುಷ್ಯನಿಗೆ ತನ್ನ ಕೆಲಸದಲ್ಲಿ ನೆಮ್ಮದಿ ಎಲ್ಲಿಂದ ಸಿಗುತ್ತದೆ ಎಂಬುದಕ್ಕೆ ಅವರ ಬದುಕಿನ ಎರಡನೆಯ ಅರ್ಧದಲ್ಲಿ ಒಂದು ಒಳ್ಳೆಯ ಉತ್ತರ ಉಂಟು ಎಂದು ನಮಗೆ ಅನಿಸಿದೆ.

ನಾಗೇಗೌಡರು ಹುಟ್ಟಿದ್ದು 1915ರ ಫೆಬ್ರವರಿ 11ರಂದು, ಮಂಡ್ಯ ಜಿಲ್ಲೆ ನಾಗಮಂಗಲ ತಾಲೂಕಿನ ಹೆರಗನಹಳ್ಳಿಯಲ್ಲಿ. ಮಂಡ್ಯ ಎಂದರೆ ನಮಗೆ ಕಬ್ಬು, ಭತ್ತ, ಕಾವೇರಿ ನಾಲೆ ಕಣ್ಣೆದುರು ಬರುತ್ತದೆ. ನಾಗಮಂಗಲ ಹಾಗಲ್ಲ, ಅದು ಮಳೆ ನಂಬಿದ ಒಣಭೂಮಿಯ ಸೀಮೆ. ರಾಗಿಯೇ ಅಲ್ಲಿನ ಅನ್ನ. ಕನಕಪುರ, ಮಾಗಡಿ ಕಡೆಯೂ ಹೆಚ್ಚುಕಡಿಮೆ ಅದೇ ಕಥೆ. ರಾಗಿ ತಿನ್ನುವ ಸೀಮೆ ಎಂದರೆ ಬೀಸುಕಲ್ಲಿನ ಸೀಮೆ ಎಂದೇ ಅರ್ಥ. ಆ ಕಾಲದಲ್ಲಿ ಹಿಟ್ಟಿನ ಮಿಲ್ಲು ಹಳ್ಳಿಗಳಿಗೆ ಬಂದಿರಲಿಲ್ಲ. ಮಧ್ಯಾಹ್ನದ ಮುದ್ದೆಗೆ ಬೇಕಾದ ಹಿಟ್ಟನ್ನು ಮನೆಯ ಹೆಂಗಸರು ಕೋಳಿ ಕೂಗುವ ಮೊದಲೇ ಎದ್ದು ಬೀಸಬೇಕಿತ್ತು.

ಕರಾವಳಿಯ ಮಕ್ಕಳಿಗೆ ಈ ಕಲ್ಲಿನ ಪರಿಚಯ ಕಡಿಮೆ, ಆದ್ದರಿಂದ ಸ್ವಲ್ಪ ವಿವರಿಸುತ್ತೇವೆ. ಚಪ್ಪಟೆಯಾದ ಎರಡು ಉರುಟು ಕಲ್ಲು, ಒಂದರ ಮೇಲೊಂದು. ಕೆಳಗಿನದು ಅಲುಗುವುದಿಲ್ಲ. ಮೇಲಿನದರ ನಡುವೆ ಒಂದು ತೂತು, ಅದು ಕಲ್ಲಿನ ಬಾಯಿ. ಅಂಚಿನಲ್ಲಿ ಒಂದು ಮರದ ಗೂಟ. ಎದುರುಬದುರು ಇಬ್ಬರು ಕೂತು ಒಂದೇ ಗೂಟ ಹಿಡಿದು ತಿರುಗಿಸುತ್ತಾರೆ. ಒಬ್ಬಳು ಬಿಡುವಾದ ಕೈಯಿಂದ ಹಿಡಿ ಹಿಡಿ ರಾಗಿಯನ್ನು ಬಾಯಿಗೆ ಹಾಕುತ್ತಾಳೆ. ಸುತ್ತಲೂ ಹಿಟ್ಟು ಉದುರುತ್ತದೆ. ಅತ್ತೆ-ಸೊಸೆ, ಅಕ್ಕ-ತಂಗಿ, ನೆರೆಯವಳು, ಯಾರು ಸಿಕ್ಕಿದರೆ ಅವರು ಜೊತೆ. ಮನೆಯಲ್ಲಿ ಗಂಡಸರು, ಮಕ್ಕಳು ಇನ್ನೂ ಮಲಗಿರುತ್ತಾರೆ. ಹೊರಗೆ ಕತ್ತಲು. ಆಗ ಹುಟ್ಟುವುದೇ ಬೀಸುವ ಪದ.

ಈ ಪದಗಳಿಗೆ ಮೂರು ಮೂರು ಸಾಲು. ಪಂಡಿತರು ಅದನ್ನು ತ್ರಿಪದಿ ಎನ್ನುತ್ತಾರೆ. ಕಲ್ಲು ತಿರುಗುವ ವೇಗ ಯಾವುದೋ ಹಾಡಿನ ವೇಗವೂ ಅದೇ. ಶುರುವಿಗೆ ಕಲ್ಲಿಗೊಂದು ನಮನ, ರಾಗಿ ಮುಗಿದಾಗ ಕಲ್ಲಿಗೊಂದು ವಿದಾಯ. ನಡುವೆ ತವರಿನ ನೆನಪು, ಅಣ್ಣತಮ್ಮಂದಿರ ಹೊಗಳಿಕೆ, ಅತ್ತೆಮನೆಯ ಕಷ್ಟ, ಮಗುವಿನ ಮುದ್ದು, ಸತ್ತವರ ದುಃಖ. ಹಗಲಿನಲ್ಲಿ ಯಾರೆದುರೂ ಹೇಳಲಾಗದ್ದನ್ನು ಹೆಣ್ಣುಮಗಳೊಬ್ಬಳು ಕಲ್ಲಿನೆದುರು ಹೇಳಿಕೊಳ್ಳುತ್ತಿದ್ದಳು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಹಿಂದಿನವರು ಎಷ್ಟು ಖುಷಿಯಾಗಿದ್ದರು ನೋಡಿ, ಹಾಡುತ್ತಾ ಹಿಟ್ಟು ಬೀಸುತ್ತಿದ್ದರು ಎಂದು ಭಾಷಣ ಮಾಡುವವರಿದ್ದಾರೆ. ಅವರನ್ನು ಅರ್ಧ ಗಂಟೆ ಬೀಸುಕಲ್ಲಿನೆದುರು ಕೂರಿಸಬೇಕು. ರಟ್ಟೆ ಬೀಳುವ ಕೆಲಸ ಅದು. ಯಾವ ಹೆಂಗಸೂ ಅದನ್ನು ಆಸೆಪಟ್ಟು ಮಾಡಿದ್ದಲ್ಲ. ಹಿಟ್ಟಿನ ಮಿಲ್ಲು ಬಂದದ್ದು ನಮ್ಮ ಅಜ್ಜಿಯಂದಿರಿಗೆ ದೊಡ್ಡ ರಹಮತ್ತೇ ಸರಿ. ಆದರೆ ಬಿಡಲಾಗದ ಕೆಲಸದೊಳಗೆ ತಮಗಾಗಿ ಒಂದು ಗಳಿಗೆಯನ್ನು ಅವರು ಮಾಡಿಕೊಂಡಿದ್ದರು. ನೆಮ್ಮದಿ ಅವರಿಗೆ ಯಾರೂ ಕೊಟ್ಟದ್ದಲ್ಲ. ಕಲ್ಲು ತಿರುಗಿಸುತ್ತಾ ತಾವೇ ನೇಯ್ದುಕೊಂಡದ್ದು. ನಾಗೇಗೌಡರು ಮುಂದೆ ಹುಡುಕಿಕೊಂಡು ಹೋದದ್ದು ಇದನ್ನೇ.

ಅವರ ಓದು, ನೌಕರಿಯ ಕಥೆಯನ್ನು ಬೇಗ ಮುಗಿಸಬಹುದು. ವಿಜ್ಞಾನ ಓದಿದರು, ಕಾನೂನು ಓದಿದರು. ಮೈಸೂರು ಸಂಸ್ಥಾನದ ಕಾಲದಲ್ಲೇ ಸರಕಾರಿ ಕೆಲಸಕ್ಕೆ ಸೇರಿದರು. ಸಂಸ್ಥಾನ ಹೋಗಿ ರಾಜ್ಯ ಬಂತು, ಇವರು ಮೇಲೇರುತ್ತಾ ಐಎಎಸ್ ಅಧಿಕಾರಿಯಾದರು, ಜಿಲ್ಲಾಧಿಕಾರಿಯಾದರು. ಒಬ್ಬ ಹಳ್ಳಿ ಹುಡುಗನಿಗೆ ಆ ಕಾಲದಲ್ಲಿ ಇದು ಸಣ್ಣ ಏರಿಕೆ ಅಲ್ಲ. ಕಂದಾಯ ಇಲಾಖೆಯ ಅಧಿಕಾರಿಗಳು ಆಗ ಹಳ್ಳಿಗಳಲ್ಲಿ ಕ್ಯಾಂಪ್ ಹಾಕುತ್ತಿದ್ದರು. ಜಮಾಬಂದಿ, ಲೆಕ್ಕ ತಪಾಸಣೆ, ತಕರಾರು ವಿಚಾರಣೆ. ಹಗಲಿಡೀ ಕಾಗದಪತ್ರ ಮುಗಿದ ಮೇಲೆ ಸಂಜೆ ಉಳಿಯುತ್ತದೆ. ಸಾಹೇಬರು ಬಂದಿದ್ದಾರೆ ಎಂದು ಊರವರು ಕೈಕಟ್ಟಿ ನಿಲ್ಲುವ ಹೊತ್ತಿನಲ್ಲಿ ಈ ಸಾಹೇಬರಿಗೆ ಊರಿನಲ್ಲಿ ಪದ ಹೇಳುವವರು ಯಾರಿದ್ದಾರೆ ಎಂಬ ಕುತೂಹಲ. ನೌಕರಿಯಲ್ಲಿ ಇದ್ದಾಗಲೇ ಅವರ ಸಂಗ್ರಹ ಶುರುವಾಗಿತ್ತು.

ಆ ಸಂಗ್ರಹಗಳಲ್ಲಿ ಒಂದರ ಹೆಸರು ‘ಸೋಬಾನೆ ಚಿಕ್ಕಮ್ಮನ ಪದಗಳು’. ಈ ಹೆಸರಿನ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಸಾಮಾನ್ಯವಾಗಿ ಇಂಥ ಪುಸ್ತಕಗಳಲ್ಲಿ ಸಂಗ್ರಹಿಸಿದ ವಿದ್ವಾಂಸರ ಹೆಸರು ದೊಡ್ಡದಾಗಿ ಇರುತ್ತದೆ, ಹಾಡಿದವಳು ಎಲ್ಲೋ ಕೊನೆಯ ಪುಟದ ಪಟ್ಟಿಯಲ್ಲಿ ಒಂದು ಸಾಲು. ಇಲ್ಲಿ ಹಾಡಿದವಳೇ ಪುಸ್ತಕದ ಹೆಸರು. ಮದುವೆಮನೆಯಲ್ಲಿ ಸೋಬಾನೆ ಹೇಳುವ ಹೆಣ್ಣುಮಗಳೊಬ್ಬಳನ್ನು ಒಬ್ಬ ಐಎಎಸ್ ಅಧಿಕಾರಿ ಕವಿ ಎಂದು ಒಪ್ಪಿಕೊಂಡ ಹಾಗಾಯಿತು ಅದು. ನಾಗೇಗೌಡರ ಸ್ವಭಾವ ತಿಳಿಯಲು ಬೇರೆ ಸರ್ಟಿಫಿಕೇಟು ಬೇಡ.

ಬರೆಯುವುದರಲ್ಲೂ ಅವರ ಕಣ್ಣು ದಿನನಿತ್ಯದ ಸಂಗತಿಗಳ ಮೇಲೆಯೇ. ‘ಬೆಟ್ಟದಿಂದ ಬಟ್ಟಲಿಗೆ’ ಎಂಬ ಅವರ ಪುಸ್ತಕ ಇರುವುದು ಕಾಫಿಯ ಬಗ್ಗೆ. ಬೆಳಿಗ್ಗೆ ಎದ್ದು ನಾವೆಲ್ಲ ಯೋಚನೆಯೇ ಇಲ್ಲದೆ ಕುಡಿದು ಇಡುವ ಬಟ್ಟಲಿನ ಹಿಂದೆ ಒಂದು ಬೆಟ್ಟ ಉಂಟು, ಗಿಡ ನೆಟ್ಟವರು, ಹಣ್ಣು ಕೊಯ್ದವರು ಇದ್ದಾರೆ ಎಂದು ಅದರ ಹೆಸರೇ ಹೇಳುತ್ತದೆ. ಕಾಫಿಯ ಮಾತು ಬಂದಾಗ ಬಾಬಾಬುಡನ್‌ರ ನೆನಪಾಗದೆ ಇರುವುದಿಲ್ಲ. ಹಜ್ಜಿಗೆ ಹೋಗಿ ಹಿಂದಿರುಗುವಾಗ ಅರಬ್ ನಾಡಿನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರು ಎಂಬ ಐತಿಹ್ಯ ನಮ್ಮ ಮನೆಗಳಲ್ಲೂ ಹೇಳುತ್ತಾರಲ್ಲ. ಹೊರನಾಡುಗಳ ಯಾತ್ರಿಕರು ನಮ್ಮ ದೇಶವನ್ನು ಹೇಗೆ ಕಂಡರು ಎಂಬುದನ್ನು ‘ಪ್ರವಾಸಿ ಕಂಡ ಇಂಡಿಯಾ’ ಎಂಬ ಹೆಸರಿನಲ್ಲಿ ಹಲವು ಸಂಪುಟಗಳಾಗಿ ಕನ್ನಡಕ್ಕೆ ತಂದರು. ರಾಜರ ಚರಿತ್ರೆಯಲ್ಲಿ ಸಿಗದ ಪೇಟೆ, ಊಟ, ಉಡುಪು, ಜನರ ನಡವಳಿಕೆ ಇಂಥ ಯಾತ್ರಿಕರ ಬರಹದಲ್ಲಿ ಸಿಗುತ್ತದೆ. ಮಂಗಳೂರಿಗೆ ಬಂದು ಹೋದ ಇಬ್ನ್ ಬತೂತನ ಬರಹದ ಬಗ್ಗೆ ಗೊತ್ತಿರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳಿಯ ಬದುಕಿನ ಮೇಲೆ ‘ದೊಡ್ಡಮನೆ’ ಎಂಬ ಕಾದಂಬರಿಯನ್ನೂ ಬರೆದರು.

1970ರ ದಶಕದಲ್ಲಿ ನಿವೃತ್ತಿ ಬಂತು. ಜಿಲ್ಲಾಧಿಕಾರಿಯಾಗಿದ್ದವರ ನಿವೃತ್ತಿ ಎಂದರೆ ಏನು ಎಂದು ಯೋಚಿಸಿ. ನಿನ್ನೆವರೆಗೆ ಜೀಪು, ಜವಾನ, ಮುದ್ರೆ, ಬಾಗಿಲ ಹೊರಗೆ ಅರ್ಜಿ ಹಿಡಿದು ಕಾಯುವ ಜನ. ಇವತ್ತು ಬೆಳಿಗ್ಗೆ ಪೇಪರು ಓದಿ ಮುಗಿದರೆ ಮಧ್ಯಾಹ್ನದವರೆಗೆ ಏನು ಮಾಡುವುದು ಎಂದು ಗೊತ್ತಿಲ್ಲ. ಇದು ಅಧಿಕಾರಿಗಳ ಸಮಸ್ಯೆ ಮಾತ್ರ ಎಂದುಕೊಳ್ಳಬೇಡಿ. ನಮ್ಮ ಊರುಗಳಲ್ಲೂ ಮೂವತ್ತು ವರ್ಷ ದಮ್ಮಾಮಿನಲ್ಲೋ ದುಬೈಯಲ್ಲೋ ದುಡಿದು, ಮನೆ ಕಟ್ಟಿಸಿ, ಹೆಣ್ಣುಮಕ್ಕಳ ಮದುವೆ ಮಾಡಿಸಿ, ಅರುವತ್ತಕ್ಕೆ ಊರಿಗೆ ಬಂದು ಕೂತವರು ಎಷ್ಟು ಮಂದಿ ಇಲ್ಲ? ಪೆಟ್ಟಿಗೆ ತಂದಷ್ಟು ದಿನ ಮನೆ ತುಂಬಾ ಜನ. ಆಮೇಲೆ ಮಸೀದಿ ಜಗಲಿ, ಹೋಟೆಲಿನ ಬೆಂಚು. ತಾನಿನ್ನು ಯಾರಿಗೂ ಬೇಡ ಎಂಬ ಯೋಚನೆ ಒಳಗೊಳಗೇ ಕೊರೆಯುತ್ತದೆ. ಬಾಯಿ ಬಿಟ್ಟು ಹೇಳುವವರು ಕಡಿಮೆ.

ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದ್ದು 1979ರಲ್ಲಿ. ಅವರಿಗಾಗ 64 ವರ್ಷ. ಅಂದರೆ ಬೇರೆಯವರು ಕಡತ ಮುಚ್ಚುವ ವಯಸ್ಸಿನಲ್ಲಿ ಇವರು ಹೊಸ ಕಡತ ತೆರೆದರು. ಹಾಡುಗಾರರ ದನಿಯನ್ನು ಟೇಪಿನಲ್ಲಿ ಹಿಡಿಯುವುದು, ಕುಣಿತಗಳ ಚಿತ್ರ ತೆಗೆಯುವುದು, ಕಥೆ-ಕಾವ್ಯ ಬರೆಸಿಕೊಳ್ಳುವುದು, ಹಳೆಯ ವಸ್ತು ಕೂಡಿಹಾಕುವುದು, ಇದು ಪರಿಷತ್ತಿನ ಕೆಲಸ. ‘ಜಾನಪದ ಜಗತ್ತು’ ಎಂಬ ಪತ್ರಿಕೆಯೂ ಹೊರಟಿತು.

ಈ ಕೆಲಸಕ್ಕೆ ಒಂದು ಅವಸರವೂ ಇತ್ತು. ಜನಪದ ಹಾಡು ಸಂಗ್ರಹಿಸಿದವರಿಗೆಲ್ಲ ಗೊತ್ತಿರುವ ವಿಷಯವೊಂದುಂಟು. ಬೀಸುವ ಪದ ಹೇಳು ಎಂದು ಮುದುಕಿಯೊಬ್ಬಳನ್ನು ಸುಮ್ಮನೆ ಕೂರಿಸಿ ಕೇಳಿದರೆ ಎರಡು ಪದ ಹೇಳಿ ಮರೆತುಹೋಯಿತು ಎನ್ನುತ್ತಾಳೆ. ಕೈಗೆ ಗೂಟ ಸಿಕ್ಕಿ ಕಲ್ಲು ತಿರುಗತೊಡಗಿದರೆ ಮರೆತದ್ದು ತಾನಾಗಿಯೇ ಬರುತ್ತದೆ. ಹಾಡಿನ ನೆನಪು ಇರುವುದು ತಲೆಯಲ್ಲಿ ಮಾತ್ರ ಅಲ್ಲ, ಕೈಯಲ್ಲೂ ಉಂಟು. ಹಾಗಿರುವಾಗ ಕಲ್ಲು ಮೂಲೆ ಸೇರಿದರೆ ಹಾಡಿಗೂ ಜಾಗವಿಲ್ಲ. ಭತ್ತ ಕುಟ್ಟುವ ಹಾಡು ಒನಕೆಯ ಜೊತೆ ಹೋಯಿತು. ನಾಟಿ ಹಾಡು, ಕಪಿಲೆಯಲ್ಲಿ ನೀರೆತ್ತುವ ಹಾಡು, ಹೀಗೆ ಒಂದೊಂದೇ. ಒಂದು ತಲೆಮಾರು ಸಾಕು. ತಾಯಿ ಹಾಡಿದ್ದನ್ನು ಮಗಳು ಕೇಳಿರುತ್ತಾಳೆ, ಮೊಮ್ಮಗಳಿಗೆ ಹಾಗೊಂದು ಇತ್ತು ಎಂಬುದೂ ಗೊತ್ತಿರುವುದಿಲ್ಲ. ಮುದುಕಿಯರು ಹೋಗುವ ಮೊದಲು ಹೋಗಿ ಕೇಳಬೇಕಿತ್ತು.

ಹೀಗೆ ಊರೂರು ಅಲೆದವರು ನಾಗೇಗೌಡರೊಬ್ಬರೇ ಅಲ್ಲ. ನಮ್ಮ ಸಮುದಾಯದ ಓದುಗರು ಎಸ್.ಕೆ. ಕರೀಂಖಾನರ ಹೆಸರನ್ನೂ ನೆನಪಿಡಬೇಕು. ಜೋಳಿಗೆ ಹಾಕಿಕೊಂಡು ಹಳ್ಳಿಗಳನ್ನು ಸುತ್ತಿ ಹಾಡು ಕಲಿತು, ಹಾಡಿ, ಜಾನಪದ ಜಂಗಮ ಎಂದು ನಾಡಿನವರಿಂದ ಕರೆಸಿಕೊಂಡವರು ಅವರು. ಒಬ್ಬರು ಜಿಲ್ಲಾಧಿಕಾರಿಯ ಕುರ್ಚಿಯಿಂದ ಇಳಿದು ಬಂದವರು, ಇನ್ನೊಬ್ಬರು ಕುರ್ಚಿಯನ್ನೇ ಬಯಸದವರು. ಇಬ್ಬರೂ ಹೋಗಿ ಕೂತದ್ದು ಮಾತ್ರ ಹಳ್ಳಿಯ ಜಗಲಿಯಲ್ಲೇ.

ವಸ್ತುಗಳು ಸೇರುತ್ತಾ ಹೋದಂತೆ ಅವುಗಳಿಗೆ ಮನೆ ಬೇಕಾಯಿತು. ರಾಮನಗರ ಆಗ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಒಂದು ತಾಲೂಕು. ಸುತ್ತ ಕಲ್ಲುಬೆಟ್ಟಗಳು. 1975ರಲ್ಲಿ ತೆರೆಕಂಡ ‘ಶೋಲೆ’ ಸಿನಿಮಾದಿಂದಾಗಿ ಆ ಬಂಡೆಗಳು ದೇಶಕ್ಕೆಲ್ಲ ಪರಿಚಯವಾದವು, ಈಗಲೂ ರಾಮನಗರ ಎಂದರೆ ಗಬ್ಬರ್ ಸಿಂಗನ ಊರು ಎನ್ನುವವರೇ ಜಾಸ್ತಿ. ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ ಹೆದ್ದಾರಿಯ ಪಕ್ಕ 15 ಎಕರೆ ಜಾಗದಲ್ಲಿ ಜಾನಪದ ಲೋಕ ಎದ್ದಿತು. 1994ರಲ್ಲಿ ಉದ್ಘಾಟನೆ. ನಾಗೇಗೌಡರಿಗೆ ಆಗ 79.

ಒಳಗೆ ಏನುಂಟು? ಚಿನ್ನದ ಕಿರೀಟ ಇಲ್ಲ, ಸಿಂಹಾಸನ ಇಲ್ಲ. ಲೋಕಮಾತಾ ಮಂದಿರ ಎಂಬ ಕಟ್ಟಡದಲ್ಲಿ ಅಡುಗೆಮನೆಯ, ಮನೆವಾರ್ತೆಯ ವಸ್ತುಗಳು. ಬೀಸುಕಲ್ಲು, ಒರಳು, ಒನಕೆ, ಮೊರ, ಮಡಕೆ, ಸೇರು, ಪಾವು. ಲೋಕಮಹಲಿನಲ್ಲಿ ತೊಗಲುಗೊಂಬೆ, ಕುಣಿತದವರ ವೇಷಭೂಷಣ, ಬೇಸಾಯದ ಸಲಕರಣೆ. ಚಿತ್ರಕುಟೀರದಲ್ಲಿ ಕಲಾವಿದರ ಚಿತ್ರಗಳು. ಶಿಲ್ಪಮಾಳದಲ್ಲಿ ಕಲ್ಲುಗಳು. ಇನ್ನೊಂದು ಆಯಗಾರರ ಮಾಳ. ಆಯಗಾರರು ಎಂದರೆ ಊರಿಗೆ ಬೇಕಾದ ಕೆಲಸ ಮಾಡಿಕೊಟ್ಟು ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಧಾನ್ಯ, ಅಂದರೆ ಆಯ, ತೆಗೆದುಕೊಂಡು ಹೋಗುತ್ತಿದ್ದ ಕುಂಬಾರ, ಕಮ್ಮಾರ, ಬಡಗಿ, ಅಗಸ, ಕ್ಷೌರಿಕ ಮುಂತಾದವರು. ಆ ವ್ಯವಸ್ಥೆಯಲ್ಲಿ ಮೇಲು-ಕೀಳು ಇತ್ತು, ಹುಟ್ಟಿದ ಜಾತಿಯ ಕಸುಬಿಗೆ ಕಟ್ಟಿಹಾಕುವ ಅನ್ಯಾಯ ಇತ್ತು. ಅದನ್ನು ಮುಚ್ಚಿಟ್ಟು ಹೊಗಳುವುದು ನಮಗೆ ಬೇಡ. ಆದರೆ ಊರನ್ನು ನಡೆಸಿದ್ದು ಯಾರ ಕೈಗಳು ಎಂಬುದಕ್ಕೆ ಅವರ ಉಪಕರಣಗಳೇ ಸಾಕ್ಷಿ. ಸಾಮಾನ್ಯವಾಗಿ ಸಂಗ್ರಹಾಲಯಗಳಲ್ಲಿ ಖಡ್ಗ ಇರುತ್ತದೆ, ಅದನ್ನು ಬಡಿದ ಕಮ್ಮಾರನ ಸುತ್ತಿಗೆ ಇರುವುದಿಲ್ಲ.

ಅಲ್ಲಿನ ಹಳೆಯ ಸಾಮಾನುಗಳಲ್ಲಿ ಒಂದನ್ನು ಗಮನಿಸಬೇಕು. ಕೈ ಹಿಡಿದ ಜಾಗ ಸವೆದು ನುಣುಪಾಗಿರುತ್ತದೆ. ಮೇಣಿ ಇರಲಿ, ಒನಕೆ ಇರಲಿ, ಗೂಟ ಇರಲಿ. ಬಡಗಿ ಮಾಡಿದ ನುಣುಪಲ್ಲ, ವರ್ಷಗಟ್ಟಲೆ ದಿನಾ ಹಿಡಿದವರು ಮಾಡಿದ ನುಣುಪು. ಹಿಡಿದವರ ಹೆಸರು ಯಾರಿಗೂ ಗೊತ್ತಿಲ್ಲ. ಗುಜರಿಗೆ, ಇಲ್ಲ ಒಲೆಗೆ ಹೋಗಬೇಕಿದ್ದ ಇಂಥವನ್ನು ಹುಡುಕಿ ತಂದು ಸಾಲಾಗಿ ಇಡುವ ಕೆಲಸಕ್ಕೆ ತಾಳ್ಮೆ ಸಾಲದು, ಪ್ರೀತಿ ಬೇಕು.

ಸುತ್ತಲಿನ ಊರುಗಳೂ ಇದಕ್ಕೆ ಹೊಂದುತ್ತವೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಬಹಳ ದೊಡ್ಡದು. ಅಲ್ಲಿಂದ ಗೂಡು ತಂದು ಬಿಸಿನೀರಿನ ಬೇಸಿನ್ನಿನಲ್ಲಿ ಹಾಕಿ, ಎಳೆಯ ತುದಿ ಹುಡುಕಿ ನೂಲು ಬಿಚ್ಚುವ ಮನೆಗಳಲ್ಲಿ ಮುಸ್ಲಿಂ ಕುಟುಂಬಗಳು ಅನೇಕ. ಬೆರಳು ಸುಟ್ಟುಕೊಳ್ಳುವ ಕೆಲಸ ಅದು. ಚನ್ನಪಟ್ಟಣದಲ್ಲಿ ಟಿಪ್ಪು ಸುಲ್ತಾನರ ಕಾಲಕ್ಕೆ ಸೇರಿಸಿ ಹೇಳುವ ಗೊಂಬೆ ಕಸುಬು. ಆಲೆ ಮರದ ತುಂಡು ತಿರುಗುತ್ತಿರುವಾಗಲೇ ಉಳಿ ಕೊಟ್ಟು ಆಕಾರ ತೆಗೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣಗರಿಯಿಂದ ತಿಕ್ಕಿದರೆ ಹೊಳಪು. ಒಂದು ಗೊಂಬೆಯನ್ನು ಹೊಳಪಿಗೆ ತಂದು ಕೆಳಗಿಟ್ಟು ಮುಂದಿನ ತುಂಡು ಎತ್ತಿಕೊಳ್ಳುವ ನಡುವೆ ಕುಶಲಕರ್ಮಿ ಒಮ್ಮೆ ಅದನ್ನು ಕೈಯಲ್ಲಿ ತಿರುಗಿಸಿ ನೋಡುತ್ತಾನಲ್ಲ, ಅಷ್ಟೇ ಹೊತ್ತು. ಕೂಲಿಯ ಲೆಕ್ಕದಲ್ಲಿ ಆ ಹೊತ್ತು ಸೇರುವುದಿಲ್ಲ, ಆದರೆ ಅದು ಇಲ್ಲದಿದ್ದರೆ ಕಸುಬು ಬರೀ ಕೂಲಿಯಾಗಿ ಉಳಿಯುತ್ತದೆ.

ಜಾನಪದ ಲೋಕ ಉದ್ಘಾಟನೆಯಾದ ಮರುವರ್ಷ, 1995ರಲ್ಲಿ, ಮುಧೋಳದಲ್ಲಿ ನಡೆದ 64ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಗೇಗೌಡರು ಅಧ್ಯಕ್ಷರಾದರು. ವಯಸ್ಸು ಎಂಬತ್ತು. ಬೀಸುವ ಪದ, ಸೋಬಾನೆ ಪದಗಳನ್ನು ಕೇಳುತ್ತಾ ಕೂತವರೊಬ್ಬರು ಕನ್ನಡ ಸಾಹಿತ್ಯದ ಅಂಥ ಪೀಠದಲ್ಲಿ ಕೂತರು. ಓದು ಬರಹ ಬಾರದ ಎಷ್ಟೋ ಹೆಂಗಸರಿಗೂ ಆ ಗೌರವದಲ್ಲಿ ಪಾಲಿತ್ತು ಎಂದು ನಾವು ತಿಳಿಯುತ್ತೇವೆ.

2005ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. 90 ವರ್ಷದ ಬದುಕು. ಲೆಕ್ಕ ಹಾಕಿದರೆ, ಪರಿಷತ್ತು ಕಟ್ಟಿದ ಮೇಲೆ ಬದುಕಿದ್ದೇ 26 ವರ್ಷ. ಸರಕಾರಿ ನೌಕರಿಯಿಂದ ಅವರಿಗೆ ಸಂಬಳ, ಅಧಿಕಾರ ಎರಡೂ ಸಿಕ್ಕಿತು. ಆದರೆ ಜನ ಇವತ್ತಿಗೂ ಅವರನ್ನು ಗುರುತಿಸುವುದು ಸಂಬಳವಿಲ್ಲದ ಆ 26 ವರ್ಷಗಳ ಕೆಲಸದಿಂದ. ಅವರು ಜಿಲ್ಲಾಧಿಕಾರಿಯಾಗಿ ಹೊರಡಿಸಿದ ಆದೇಶಗಳು ಯಾವ ಕಪಾಟಿನಲ್ಲಿವೆಯೋ.

ನಮ್ಮ ಕರಾವಳಿಯ ಮನೆಗಳ ವಿಷಯಕ್ಕೆ ಬಂದರೆ, ಇಲ್ಲೂ ಕೆಲಸದ ಜೊತೆಗೇ ಬೆಳೆದದ್ದು ಬಹಳ ಉಂಟು. ಪತ್ತಿರಿಗೆ ಅಕ್ಕಿ ಕುಟ್ಟುತ್ತಾ, ಸಾಲಾಗಿ ಕೂತು ಬೀಡಿ ಕಟ್ಟುತ್ತಾ ಹೇಳುತ್ತಿದ್ದ ಕಥೆಗಳು, ಮದುವೆಯ ಹಿಂದಿನ ರಾತ್ರಿ ಮೈಲಾಂಜಿ ಹಚ್ಚುವಾಗಿನ ಬ್ಯಾರಿ ಹಾಡುಗಳು, ತೊಟ್ಟಿಲ ಪಕ್ಕದ ಜೋಗುಳ. ದಫ್, ಕೋಲ್ಕಳಿಗೆ ಈಗ ವೇದಿಕೆ ಸಿಕ್ಕಿದೆ, ಸ್ಪರ್ಧೆಗಳೂ ನಡೆಯುತ್ತವೆ. ಗಂಡಸರ ಕಲೆ, ಹೇಗೂ ಬದುಕೀತು. ಬೀಡಿ ಮೊರವನ್ನು ಮಡಿಲಲ್ಲಿಟ್ಟುಕೊಂಡು ಉಮ್ಮ ಗುನುಗುತ್ತಿದ್ದದ್ದಕ್ಕೆ ವೇದಿಕೆ ಇಲ್ಲ. ಬೀಡಿ ಕಟ್ಟುವ ಕೈಗಳು ಕಡಿಮೆಯಾಗುತ್ತಾ ಬಂದವು. ನಾಗೇಗೌಡರು ಟೇಪು ಹೊತ್ತು ಅಲೆಯಬೇಕಿತ್ತು, ಈಗ ಪ್ರತಿ ಮನೆಯಲ್ಲಿ ನಾಲ್ಕು ಮೊಬೈಲು ಉಂಟು. ರಜೆಯಲ್ಲಿ ಅಜ್ಜಿಮನೆಗೆ ಹೋದ ಹುಡುಗ ಅರ್ಧ ಗಂಟೆ ಅದನ್ನು ಅಜ್ಜಿಯೆದುರು ತಿರುಗಿಸಿ ಇಟ್ಟರೂ ಸಾಕು. ಏನು ಕೇಳಬೇಕು ಎಂದು ಗೊತ್ತಾಗದಿದ್ದರೆ ಅಜ್ಜಿ ಚಿಕ್ಕವಳಿದ್ದಾಗ ಯಾವ ಕೆಲಸ ಮಾಡುತ್ತಿದ್ದರು ಎಂದು ಕೇಳಿದರಾಯಿತು. ಕೈಗೊಂದು ಮೊರ ಕೊಟ್ಟು ಕೇಳಿದರೆ ಇನ್ನೂ ಒಳ್ಳೆಯದು.

ಜಾನಪದ ಲೋಕಕ್ಕೆ ಹೋಗುವವರು ಹೊಸ ಹೆದ್ದಾರಿಯಲ್ಲಿ ಹೋದರೆ ಅದು ಸಿಗುವುದಿಲ್ಲ, ಇಳಿದು ಹಳೆಯ ರಸ್ತೆ ಹಿಡಿಯಬೇಕು. ರಾಮನಗರ ಪೇಟೆಯಿಂದ ಚನ್ನಪಟ್ಟಣದ ಕಡೆಗೆ ಹೊರಟರೆ ಸ್ವಲ್ಪ ದೂರ ಅಷ್ಟೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಸಾಧ್ಯವಾದರೆ ಅಜ್ಜಿಯನ್ನೂ ಕಾರಿನಲ್ಲಿ ಕೂರಿಸಿಕೊಳ್ಳಿ, ಒಳಗಿನ ಸಾಮಾನುಗಳ ಹೆಸರನ್ನು ಫಲಕದಲ್ಲಿ ಓದುವ ಕೆಲಸ ಉಳಿಯುತ್ತದೆ.